ಸಾಬೂನಿನ ಬಾಣಂತನ

ಮೊದಲ ದಿನವೇ ನನ್ನ ಥರ್ಮಾಮೀಟರು ಒಡೆಯಿತು. ಶಿರಸಿಯಿಂದ ಸಿದ್ದಾಪುರದವರೆಗೆ, ಅಲ್ಲಿಂದ ಹೇರೂರು ಕಡೆಯ ಬಸ್ಸಿನಲ್ಲಿ, ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡು ಬಂದಿದ್ದ ಚೀಲ. ಇಳಿಯುವಾಗ ಬಾಗಿಲಿಗೆ ಬಡಿದು ಒಳಗೆ ಟಣ್ ಎಂದಿತು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಕಂಡಕ್ಟರನಿಗೆ ಬೈದೆ, ಬಾಗಿಲಿಗೆ ಬೈದೆ, ಬೈಯಲು ಮತ್ತೇನೂ ಸಿಗದೆ ನನಗೇ ಬೈದುಕೊಂಡೆ. ನನಗಾಗಿ ಕಾಯುತ್ತ ನಿಂತಿದ್ದ ಹೆಂಗಸರು ಇದನ್ನೆಲ್ಲ ಕಣ್ತುಂಬ ನೋಡಿದರು. ಹಾನಗಲ್ ಕಡೆಯಿಂದ ಬಂದ ಅಕ್ಕೋರ ಬಾಯಿ ಎಷ್ಟು ಜೋರು ಅಂತ ಆ ಊರಿಗೆ ಗೊತ್ತಾದದ್ದು ಹಾಗೆ, ಪಾಠ ಶುರುವಾಗುವ ಮೊದಲೇ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಊರೂರಿಗೆ ಮಹಿಳಾ ಸಂಘಗಳು ಹುಟ್ಟಿಕೊಳ್ಳುತ್ತಿದ್ದವು. ಬಿಎಸ್ಸಿ ಕೆಮಿಸ್ಟ್ರಿ ಮಾಡಿ ಕೆಲಸವಿಲ್ಲದೆ ಕೂತಿದ್ದ ನನಗೆ ಶಿರಸಿಯ ಒಂದು ಸಣ್ಣ ಸಂಸ್ಥೆ ಕೆಲಸ ಕೊಟ್ಟಿತ್ತು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಹೋಗಿ ಹೆಂಗಸರಿಗೆ ಸಾಬೂನು ಮಾಡುವುದನ್ನು ಕಲಿಸಬೇಕು. ಅದರಿಂದ ಅವರ ಹೊಟ್ಟೆಪಾಡು ನಡೆಯುವಂತಾಗಬೇಕು. ಸದ್ಯಕ್ಕೆ ನಡೆಯುತ್ತಿದ್ದದ್ದು ನನ್ನ ಹೊಟ್ಟೆಪಾಡು. ಅಪ್ಪ ತೀರಿಕೊಂಡಿದ್ದ. ಅವ್ವನನ್ನು ಕರೆದುಕೊಂಡು ಬಂದು ಶಿರಸಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆ. ಅವ್ವನಿಗೆ ಉಬ್ಬಸ. ನನ್ನ ಸಂಬಳ ಬಿಟ್ಟರೆ ನಮ್ಮಿಬ್ಬರಿಗೆ ಬೇರೆ ದಿಕ್ಕಿರಲಿಲ್ಲ.

ಹೇರೂರಿನ ಹತ್ತಿರದ ಆ ಊರಿನಲ್ಲಿ ಖಾಲಿ ಬಿದ್ದಿದ್ದ ಹಾಲಿನ ಡೇರಿಯ ಕೋಣೆಯೇ ನಮ್ಮ ಶಾಲೆ. ಎರಡು ದೊಡ್ಡ ಕಿಟಕಿ, ಸಿಮೆಂಟಿನ ಕಟ್ಟೆ, ಮೂಲೆಯಲ್ಲಿ ಹಳೆಯ ಹಾಲಿನ ಕ್ಯಾನು. ಥರ್ಮಾಮೀಟರಿಲ್ಲದೆ ಎಣ್ಣೆಯ ಬಿಸಿ ನೋಡುವುದು ಹೇಗೆ ಎಂದು ನಾನು ಒದ್ದಾಡುತ್ತಿದ್ದರೆ, ಒಬ್ಬಾಕೆ ಪಾತ್ರೆಯ ಹೊರಮೈಗೆ ಅಂಗೈ ಇಟ್ಟು, ತಮ್ಮ ಹವ್ಯಕ ಮಾತಿನಲ್ಲಿ, "ಉಗುರುಬೆಚ್ಚಗಿಂತ ಒಂಚೂರು ಜಾಸ್ತಿ ಇದ್ದು. ಸಾಕಾ ಅಕ್ಕೋರೆ?" ಎಂದಳು. ಸಾಕಾಗಿತ್ತು. ಆಮೇಲೆ ಕಾಸ್ಟಿಕ್ ಸೋಡಾದ ನೀರನ್ನು ಕೊಬ್ಬರಿ ಎಣ್ಣೆಗೆ ಹೊಯ್ದು ತಿರುವುತ್ತ, ಯಾವ ಹದಕ್ಕೆ ನಿಲ್ಲಿಸಬೇಕು ಅಂತ ನಾನು ಪುಸ್ತಕದ ಭಾಷೆಯಲ್ಲಿ ವಿವರಿಸತೊಡಗಿದೆ. ಯಾರ ಮುಖದಲ್ಲೂ ಬೆಳಕಿಲ್ಲ. ಅವಳೇ ಸೌಟು ಎತ್ತಿ ಹಿಡಿದು, ಅದರಿಂದ ಇಳಿಯುವ ಧಾರೆ ನೋಡಿ, "ಜೋನಿ ಬೆಲ್ಲದ ಹದ ಅಲ್ದ?" ಎಂದಳು. ಎಲ್ಲರೂ ಒಟ್ಟಿಗೆ "ಹೋ" ಅಂದರು. ಆ ಕಡೆ ಬೆಲ್ಲವನ್ನು ಅಚ್ಚಿಗೆ ಹಾಕದೆ ಡಬ್ಬಿಯಲ್ಲಿ ತೆಳ್ಳಗೆ ಇಡುತ್ತಾರೆ. ಅದರ ಹದ ಹಾಲುಹಲ್ಲಿನ ಮಗುವಿಗೂ ಗೊತ್ತು. ನಾನು ಮತ್ತೆ ಥರ್ಮಾಮೀಟರು ಕೊಳ್ಳಲೇ ಇಲ್ಲ.

ಊರವರೆಲ್ಲ ಅವಳನ್ನು 'ತಂಗಿ' ಎಂದು ಕರೆಯುತ್ತಿದ್ದರು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳಾದರೂ ನಾನೂ ತಂಗಿ ಎಂದೇ ಕರೆದೆ. ಗಂಡನ ಮನೆ ಬಿಟ್ಟು, ಒಂದನೇ ಕ್ಲಾಸಿನ ಮಗಳನ್ನು ಕರೆದುಕೊಂಡು ಅಣ್ಣನ ಮನೆಗೆ ಬಂದು ಎರಡು ವರ್ಷವಾಗಿತ್ತು. ಅಣ್ಣ ಒಳ್ಳೆಯವನು, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಬೆಳಗಿನ ದೋಸೆಯಿಂದ ರಾತ್ರಿಯ ಮುಸುರೆಯವರೆಗೆ ಎಲ್ಲ ಇವಳದೇ. ತವರಿಗೆ ನಾಲ್ಕು ದಿನಕ್ಕೆ ಬಂದವಳು ನೆಂಟಳು, ಎರಡು ವರ್ಷ ಕೂತವಳು ಕೆಲಸದವಳು. ಇದನ್ನು ಅವಳು ಹೇಳಲಿಲ್ಲ, ನಾನು ಕಣ್ಣಾರೆ ಕಂಡೆ. ಅವಳು ಬಾಯಿಬಿಟ್ಟು ಹೇಳಿದ ಆಸೆ ಇಷ್ಟೇ: "ಸಿದ್ದಾಪುರದಲ್ಲಿ ಒಂದು ಕೋಣೆ ಮಾಡಕ್ಕು ಅಕ್ಕೋರೆ. ಕೂಸನ್ನ ಅಲ್ಲಿ ಶಾಲೆಗೆ ಹಾಕಕ್ಕು."

ಗುಂಪಿನಲ್ಲಿ ಒಬ್ಬ ಮುದುಕಿಯೂ ಇದ್ದಳು. ಎಲ್ಲರಿಗೂ ಅವಳು ಅಮ್ಮಮ್ಮ. ಅರ್ಧ ಊರಿನ ಬಾಣಂತನ ಮಾಡಿದ ಕೈ ಅದು. ಜನ್ಮದಲ್ಲಿ ಪೇಟೆಯ ಸಾಬೂನು ಮುಟ್ಟಿದವಳಲ್ಲ, ಸೀಗೆಪುಡಿ, ಹೆಸರುಹಿಟ್ಟು ಬಿಟ್ಟರೆ ಅವಳ ಮೈಗೆ ಬೇರೇನೂ ತಾಗಿಲ್ಲ. ಮತ್ತೆ ಇಲ್ಲಿಗೆ ಯಾಕೆ ಬರುತ್ತಿದ್ದಳು ಅಂದರೆ, ಕಾವಲಿಗೆ. ಎಣ್ಣೆಯ ಡಬ್ಬಿ ತೆರೆದಾಗಲೆಲ್ಲ ಬಗ್ಗಿ ಮೂಸಿ, "ಕೊಬ್ಬುಗಿಬ್ಬು ಇಲ್ಲೆ ಅಲ್ದ?" ಎಂದು ಕೇಳುವಳು. ಹತ್ತು ಸಲ ಹೇಳಿ ಸಾಕಾಗಿ ಹನ್ನೊಂದನೇ ಸಲ, "ಅಮ್ಮಾ, ಕೊಬ್ಬು ಇರೋದು ನನಗ ಒಬ್ಬಾಕಿಗೇ!" ಎಂದೆ. ಮುದುಕಿ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅದು ಕಾಣ್ತು" ಎಂದು ಕವಳದ ವೀಳ್ಯದೆಲೆಗೆ ಸುಣ್ಣ ಹಚ್ಚಿಕೊಂಡಳು. ಡೇರಿ ಕೋಣೆ ಹಾರಿಹೋಗುವ ಹಾಗೆ ನಕ್ಕರು ಎಲ್ಲರೂ. ನಾನೂ ನಕ್ಕೆ, ಏನು ಮಾಡಲಿ.

ಒಂದು ದಿನ ನಾನು ಅತ್ತ ತಿರುಗಿ ಇತ್ತ ತಿರುಗುವುದರೊಳಗೆ ಯಾರೋ ಪಾತ್ರೆಗೆ ಒಂದು ಹಿಡಿ ಅರಿಶಿನ ಹಾಕಿಬಿಟ್ಟರು. ಬಣ್ಣ ನೋಡಿದರೆ ರಕ್ತ! "ಅಯ್ಯೋ ಶಿವನೇ, ಯಾರ್ರೀ ಏನ್ ಹಾಕಿದ್ದು?" ಎಂದು ಕಿರುಚಿ ಸೌಟು ಬಿಟ್ಟೆ. ಅವರೆಲ್ಲ ಆರಾಮಾಗಿ ನಿಂತಿದ್ದರು. "ಸುಣ್ಣಕ್ಕೆ ಅರಿಶಿನ ಸೇರಿದ್ರೆ ಕೆಂಪೇ ಆಗ್ತು ಅಕ್ಕೋರೆ. ಇದೂ ಸುಣ್ಣದ ಜಾತಿಯೇ ಕಾಣ್ತು. ಆರತಿ ಮಾಡ್ಲಕ್ಕು ಈಗ" ಎಂದಳು ತಂಗಿ. ಅರಿಶಿನಕ್ಕೆ ಕ್ಷಾರ ತಾಗಿದರೆ ಕೆಂಪಾಗುತ್ತದೆ ಅಂತ ನಾನು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಅವರು ಮದುವೆ ಮುಂಜಿಗೆ ಆರತಿಯ ತಟ್ಟೆಯಲ್ಲಿ ಹುಟ್ಟಿದಾಗಿನಿಂದ ನೋಡಿದವರು. ಯಾರ ಕಲಿಕೆ ಗಟ್ಟಿ?

ಆ ದಿನಗಳನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಏನೋ ತಂಪು. ಅಡಿಕೆ ಹಾಳೆಯನ್ನು ಮಡಚಿ ಕಡ್ಡಿ ಚುಚ್ಚಿದ ಕೊಟ್ಟೆಗಳೇ ನಮ್ಮ ಅಚ್ಚು. ಮರುದಿನ ಅದರಿಂದ ಗಟ್ಟಿಯನ್ನು ಬಿಡಿಸಿ ದಾರದಿಂದ ಬಿಲ್ಲೆ ಕೊಯ್ಯುವುದು. ಆ ಬಿಲ್ಲೆಗಳನ್ನು ನಾನು ಶಿರಸಿಯ ಆಫೀಸಿಗೆ ಒಯ್ದು ಅಲ್ಲೇ ಒಣಗಿಸುತ್ತಿದ್ದೆ. "ನೀರಿಗೆ ಕಾಸ್ಟಿಕ್ಕು, ಕಾಸ್ಟಿಕ್ಕಿಗೆ ನೀರಲ್ಲ" ಎಂಬ ನನ್ನ ಎಚ್ಚರಿಕೆಯನ್ನು ಅವರು ಭಜನೆಯ ಧಾಟಿಗೆ ಹಚ್ಚಿ, ಕಣ್ಣಿಗೆ ದಪ್ಪ ಕನ್ನಡಕ, ಕೈಗೆ ರಬ್ಬರಿನ ಗವಸು ಹಾಕಿಕೊಂಡು ತಾಳ ಹಾಕುತ್ತಿದ್ದರು. ಮನೆಯಲ್ಲಿ ಸೊಸೆ, ಅತ್ತೆ, ನಾದಿನಿ ಆಗಿದ್ದವರು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಏನೂ ಆಗಿರುತ್ತಿರಲಿಲ್ಲ, ಬರೀ ನಗುವ ಹೆಂಗಸರು. ಅಂಥ ನಗು ನಾನು ಆಮೇಲೆ ಎಲ್ಲೂ ಕೇಳಲಿಲ್ಲ.

ಹೀಗಿರುವಾಗ ಆಫೀಸಿನ ಸರ್ ಒಂದು ಸುದ್ದಿ ಹೇಳಿದರು. ಮುಂದಿನ ವರ್ಷ ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಕಲಿಸಲು ಹಳ್ಳಿಯ ಹೆಂಗಸೊಬ್ಬಳನ್ನೇ ಸಂಬಳಕ್ಕೆ ತೆಗೆದುಕೊಳ್ಳುವುದು. ಅವಳು ತೂಗುವುದರಿಂದ ಕೊಯ್ಯುವವರೆಗೆ ಒಬ್ಬಳೇ ಒಂದು ದೊಡ್ಡ ಪಾಕ ಮಾಡಿ ತೋರಿಸಬೇಕು. ಸಾಬೂನು ಒಣಗಿದ ಮೇಲೆ ಸರ್ ಬಂದು ನೋಡುತ್ತಾರೆ, ಚೆನ್ನಾಗಿ ಬಂದಿದ್ದರೆ ಕೆಲಸ ಅವಳದು. ಬರದಿದ್ದರೆ ನನ್ನನ್ನೇ ಮುಂದುವರಿಸುತ್ತಾರೆ. ಇರುವುದು ಒಂದೇ ಕೆಲಸ. ಯಾರ ಹೆಸರು ಸೂಚಿಸುತ್ತೀರಿ ಎಂದು ನನ್ನನ್ನೇ ಕೇಳಿದರು. ತಂಗಿಯ ಹೆಸರು ಹೇಳದಿದ್ದರೆ ನನ್ನ ನಾಲಿಗೆ ಸೇದಿ ಹೋಗುತ್ತಿತ್ತು, ಹೇಳಿದೆ. ಹೇಳಿ ಮನೆಗೆ ಬಂದು ಅವ್ವನ ಎದುರು, "ಇನ್ನು ಮೂರು ತಿಂಗಳಿಗೆ ನಾವು ಎಲ್ಲಿಗೆ ಹೋಗೋದು ಬೇ?" ಎಂದೆ. ಅವ್ವ ಕೆಮ್ಮಿದಳು.

ಅದು ನನ್ನದೇ ಕೆಲಸ ಅಂತ ತಂಗಿಗೂ ಗೊತ್ತಿತ್ತು. ಅವಳ ಪಾಕ ಹೇಗೆ ಬಂತು ಅಂತೀರಿ! ಕೊಬ್ಬರಿ ಎಣ್ಣೆಗೆ ಒಂದಿಷ್ಟು ಮುರುಗಲ ಬೀಜದ ತುಪ್ಪ ಸೇರಿಸಿ, ಒಂದು ಹನಿ ಚೆಲ್ಲದೆ, ಒಂದು ಗಂಟು ಆಗದೆ, ಬೆಣ್ಣೆಯಂಥ ಬಿಳುಪು. ನಾನು ಕೈಕಟ್ಟಿ ಕೂತು ನೋಡಿದೆ, ಒಂದು ಮಾತೂ ಹೇಳಿಕೊಡಲಿಲ್ಲ. ಮರುದಿನ ಮಧ್ಯಾಹ್ನ ಮತ್ತೆ ಹೋದೆ. ಬಿಲ್ಲೆಗಳನ್ನು ಕೊಯ್ದು ಸಾಲಾಗಿ ಜೋಡಿಸಿದ್ದಾಯಿತು. ಬಸ್ಸಿನ ಹೊತ್ತಾಗಿತ್ತು. ಅಮ್ಮಮ್ಮ ಕೇಳಿದಳು, "ನಾಳೆಯಿಂದ ಹಚ್ಚಿ ಮೀಯ್ಲಕ್ಕಾ?"

"ಛೇ, ನಲವತ್ತು ದಿನ ಮುಟ್ಟಬ್ಯಾಡ್ರಿ. ಮೈ ಸುಡತೈತಿ" ಎಂದೆ.

"ನಲವತ್ತು ದಿನ ಎಂತಕ್ಕೆ? ಗಟ್ಟಿ ಆತಲ?"

ಹೊರಗೆ ಬಸ್ಸಿನ ಹಾರ್ನು. ಕಾಸ್ಟಿಕ್ಕು ಎಣ್ಣೆಯೊಳಗೆ ಪೂರ್ತಿ ಬೆರೆಯಬೇಕು, ನೀರಿನಂಶ ಆರಬೇಕು, ಅದಕ್ಕೆ ಗಾಳಿ ಆಡಬೇಕು, ಇಷ್ಟು ಹೇಳಬೇಕಿತ್ತು. ಹೊತ್ತಿರಲಿಲ್ಲ. ಚೀಲ ಹೆಗಲಿಗೇರಿಸುತ್ತ, "ಬಾಣಂತಿ ಅಂತ ತಿಳಕೋರಿ ಅಮ್ಮಾ! ಹಸೀ ಮೈ ಐತಿ. ನಲವತ್ತು ದಿನ ಬಾಣಂತಿನ ಹೆಂಗ್ ನೋಡ್ಕೋತೀರಿ, ಹಂಗ ನೋಡ್ಕೋರಿ" ಎಂದು ಕೂಗಿ ಓಡಿದೆ. ಬಸ್ಸಿನಲ್ಲಿ ಕೂತ ಮೇಲೆ, ಎಷ್ಟು ಚಂದ ಹೇಳಿದೆ ನೋಡು ಅಂತ ನನ್ನ ಬಗ್ಗೆ ನನಗೇ ಮೆಚ್ಚುಗೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು ಅನ್ನುತ್ತಾರಲ್ಲ. ನಾನು ಬಸ್ಸು ಏರಿ ಹೋದೆ, ನನ್ನ ಮಾತು ಅಲ್ಲೇ ನಿಂತು ಕೆಡಿಸುವ ಕೆಲಸ ಮಾಡಿತು.

ಆ ನಲವತ್ತು ದಿನ ನಾನು ಹೆಚ್ಚಾಗಿ ಯಲ್ಲಾಪುರದ ಕಡೆ ಇದ್ದೆ. ನಡುವೆ ಒಮ್ಮೆ ಮಾತ್ರ ಹೋಗಿದ್ದೆ. ಡೇರಿ ಕೋಣೆಯ ಬಾಗಿಲಲ್ಲಿ ಅಮ್ಮಮ್ಮ ಕೂತಿದ್ದಳು. "ಒಳಗೆ ಬಪ್ಪಲಾಗ. ಬಿಸಿಲಿಂದ ಬಂದವು ಬಾಣಂತಿ ಕೋಣೆಗೆ ಹೋಪಲಿಲ್ಲೆ" ಎಂದು ಕೈ ಅಡ್ಡ ಹಿಡಿದಳು. ನಾನು ಬಿದ್ದು ಬಿದ್ದು ನಕ್ಕೆ. ಮುದುಕಿ ಚೇಷ್ಟೆ ಮಾಡುತ್ತಿದ್ದಾಳೆ ಅಂದುಕೊಂಡೆ. "ನೋಡಬೇಕಾ ಅಕ್ಕೋರೆ? ಎಲ್ಲ ನೀವು ಹೇಳಿದಂಗೇ ಇದ್ದು" ಎಂದಳು ತಂಗಿ, ಕೀಲಿಕೈ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು. "ನೀ ಇದ್ದಮ್ಯಾಲ ನನಗೇನ ಚಿಂತಿ" ಎಂದೆ. ಎಲ್ಲಿಂದಲೋ ಬೆಳ್ಳುಳ್ಳಿ ಸಿಪ್ಪೆ ಸುಟ್ಟ ವಾಸನೆ ಬರುತ್ತಿತ್ತು. ಯಾರ ಮನೆಯಲ್ಲೋ ಮಗು ಹುಟ್ಟಿರಬೇಕು ಅಂದುಕೊಂಡೆ, ಆಣೆ ಮಾಡಿ ಹೇಳುತ್ತೇನೆ. ತಂಗಿಯ ಅಣ್ಣನ ಮನೆಗೆ ಹೋಗಿ, ಬಾಯಾರಿಕೆಗೆ, ಅವರ ಮಾತಿನ 'ಆಸ್ರಿ'ಗೆ ಅಂತ ಕೊಟ್ಟ ಮಜ್ಜಿಗೆ ಕುಡಿದು, ಮುಂದಿನ ಬಸ್ಸಿಗೇ ಹೊರಟೆ.

ನಲವತ್ತೊಂದನೆಯ ದಿನ ಸರ್ ಜೊತೆ ಜೀಪಿನಲ್ಲಿ ಹೋದೆ. ಹೆಂಗಸರೆಲ್ಲ ಒಳ್ಳೆಯ ಸೀರೆ ಉಟ್ಟು ಬಂದಿದ್ದರು. ಬಾಗಿಲ ಮುಂದೆ ಒಂದು ಎಳೆ ರಂಗೋಲಿ. ತಂಗಿಯ ಮಗಳು ಎರಡು ಜಡೆ ಹಾಕಿಕೊಂಡು ಅಮ್ಮನ ಸೆರಗು ಹಿಡಿದು ನಿಂತಿದ್ದಳು. ತಂಗಿ ಕೀಲಿ ತಿರುವಿದಳು.

ಒಳಗಿನಿಂದ ಬಂದ ವಾಸನೆಗೆ ಸರ್ ಮೂಗು ಮುಚ್ಚಿಕೊಂಡರು. ಹೊಗೆ, ಬೆಳ್ಳುಳ್ಳಿ, ಓಮ, ಅದರ ಜೊತೆ ಕೆಟ್ಟ ಎಣ್ಣೆಯ ಕಮಟು. ಕಗ್ಗತ್ತಲು. ಎರಡೂ ಕಿಟಕಿಗೆ ಗೋಣಿಚೀಲ ತುರುಕಿ, ಗಾಳಿ ನುಸುಳುವ ಸಂದಿಗೆಲ್ಲ ಹಳೆ ಬಟ್ಟೆ ಜಡಿದಿದ್ದರು. ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಅದರ ಮೇಲೆ ನೀರು ಕುದಿಯುವ ತಪ್ಪಲೆ. ನಲವತ್ತು ದಿನ, ಹೊತ್ತು ಹೊತ್ತಿಗೆ ಹಬೆ, ಹೊತ್ತು ಹೊತ್ತಿಗೆ ಧೂಪ. ಬಿಲ್ಲೆಗಳ ಮೇಲೆ ಕಂಬಳಿ. ಸರ್ ಕಂಬಳಿ ಎತ್ತಿದರು. ಬೆಣ್ಣೆಯಂತಿದ್ದ ಸಾಬೂನು ಕಂದಾಗಿ, ಬೆವರಿ, ಒಂದಕ್ಕೊಂದು ಅಂಟಿಕೊಂಡು ಕೂತಿತ್ತು. ಬೆರಳು ಒತ್ತಿದರೆ ಹಲ್ವದ ಹಾಗೆ ಕುಳಿ ಬಿತ್ತು.

ಅವರು ತಮಾಷೆ ಮಾಡಿರಲಿಲ್ಲ. ಪಾಳಿ ಹಾಕಿಕೊಂಡು, ಮನೆಯ ಕೆಲಸ ಬಿಟ್ಟು, ನಿಜವಾದ ಬಾಣಂತಿಗೆ ಮಾಡುವಷ್ಟೇ ಶ್ರದ್ಧೆಯಿಂದ ಮಾಡಿದ್ದರು. ನಾನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದ್ದರು.

ಆ ಕ್ಷಣ ನನಗೆ ಏನನ್ನಿಸಿತು ಎಂದು ಹೇಳಿಯೇ ಬಿಡುತ್ತೇನೆ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಖುಷಿಯಾಯಿತು. ಕೆಲಸ ಉಳಿಯಿತು, ಮನೆ ಉಳಿಯಿತು, ಅವ್ವನ ಔಷಧಿ ಉಳಿಯಿತು ಅಂತ ಎದೆಯೊಳಗೆ ಹೂ ಅರಳಿದ ಹಾಗಾಯಿತು. ಥೂ, ನನ್ನ ಜನ್ಮಕ್ಕಿಷ್ಟು. ಮರುಗಳಿಗೆಗೆ ನಾಚಿಕೆಯೂ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಮೊದಲು ಬಂದದ್ದು ಖುಷಿಯೇ.

"ಕಿಟಕಿ ಮುಚ್ಚಿಸಿದ್ದು ಯಾರು?" ಸರ್ ಕೇಳಿದರು. ಅವರಿಗೆ ನಿಜಕ್ಕೂ ಸಿಟ್ಟು ಬಂದಿತ್ತು.

ಅಮ್ಮಮ್ಮ ಬಾಯಿ ತೆರೆದಳು. "ಎಂತ ಕೇಳ್ತ್ರಿ? ಅಕ್ಕೋರೇ ಅಲ್ದಾ..."

"ಆನು ಮುಚ್ಚಿಸಿದ್ದು," ತಂಗಿ ನಡುವೆ ಬಾಯಿ ಹಾಕಿದಳು. "ಅಕ್ಕೋರು ಸರಿಯಾಗೇ ಹೇಳಿಕೊಟ್ಟಿದ್ದ. ಯಂಗೇ ತಿಳಿದ್ದಿಲ್ಲೆ." ತನಗೇ ತಿಳಿಯಲಿಲ್ಲವಂತೆ.

ಎಲ್ಲರೂ ನನ್ನತ್ತ ನೋಡಿದರು. ಕಂಡಕ್ಟರನಿಗೆ, ಬಸ್ಸಿನ ಬಾಗಿಲಿಗೆ, ಊರಿಗೆಲ್ಲ ಬೈಯುವ ನನ್ನ ಬಾಯಿ ಅವತ್ತು ಹೊಲಿದಂತೆ ಮುಚ್ಚಿಕೊಂಡಿತು. ಸರ್ ಪುಸ್ತಕದಲ್ಲಿ ಏನೋ ಬರೆದುಕೊಂಡರು. ಹೊರಗೆ ಬಂದು ಜೀಪು ಹತ್ತುವಾಗ ಅಮ್ಮಮ್ಮ ತಂಗಿಯ ಬಗ್ಗೆ ಯಾರಿಗೋ ಹೇಳುತ್ತಿದ್ದಳು, "ಕೈಗೆ ಬಂದ ತುತ್ತು ಬಾಯಿಗೆ ಬಂತಿಲ್ಲೆ ಕೂಸಿಗೆ." ತಂಗಿ ಒಳಗೇ ಇದ್ದಳು. ಕಿಟಕಿಯ ಗೋಣಿಚೀಲ ಎಳೆದು ಹೊರಗೆ ಹಾಕುವ ಸದ್ದು ಕೇಳಿಸಿತು.

ಜೀಪಿನಲ್ಲಿ ಸರ್ ಹೇಳಿದರು, "ಆಯ್ತು, ನೀವೇ ಮುಂದುವರೀರಿ. ಅವರಿಗೆ ಇನ್ನೂ ತಿಳಿವಳಿಕೆ ಸಾಲದು." ನಾನು "ಹೂಂ ಸರ್" ಎಂದೆ. ಅವ್ವನಿಗೆ ಹೇಳಿದೆ, ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಎರಡು ದಿನ ಯಲ್ಲಾಪುರಕ್ಕೆ ಹೋಗಿ ಬಂದೆ. ಅಲ್ಲಿಯ ಹೆಂಗಸರಿಗೆ, "ಗಾಳಿ ಆಡಬೇಕ್ರಿ, ಕಿಟಕಿ ತಗೀರಿ" ಎಂದು ಹೇಳುವಾಗ ನಡುವೆ ನಿಲ್ಲಿಸಿ ನೀರು ಕೇಳಿ ಕುಡಿದೆ. ಒಂದೇ ಒಂದು ವಾಕ್ಯ. ತಂಗಿಯ ಊರಿನಲ್ಲಿ ಅದನ್ನು ಹೇಳಲು ನನಗೆ ಬಸ್ಸು ಅಡ್ಡ ಬಂದಿತ್ತು.

ಮೂರನೆಯ ದಿನ ಆಫೀಸಿಗೆ ಹೋಗಿ ಸರ್ ಮೇಜಿನ ಮುಂದೆ ನಿಂತು ಹೇಳಿದೆ. ಬಾಣಂತಿಯ ಹಾಗೆ ನೋಡಿಕೊಳ್ಳಿ ಎಂದವಳು ನಾನು. ನಡುವೆ ಹೋದಾಗ ಬಾಗಿಲು ತೆಗೆಸಿ ನೋಡದೆ ಮಜ್ಜಿಗೆ ಕುಡಿದು ಬಂದವಳು ನಾನು. ಅವಳ ಪಾಕದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಸರ್ ಪೆನ್ನು ಕೆಳಗಿಟ್ಟರು. "ಇದನ್ನ ಅಲ್ಲೇ ಯಾಕೆ ಹೇಳಲಿಲ್ಲ?" ಎಂದರು.

ತಂಗಿಯನ್ನು ಶಿರಸಿಗೆ ಕರೆಸಿ ಇನ್ನೊಂದು ಪಾಕ ಮಾಡಿಸಿದರು. ಆಫೀಸಿನ ಮಹಡಿಯ ಮೇಲೆ, ಗಾಳಿಯಲ್ಲಿ, ನಲವತ್ತು ದಿನ ಇಟ್ಟರು. ಕಲ್ಲಿನ ಹಾಗೆ ಗಟ್ಟಿ, ಹಾಲಿನ ಹಾಗೆ ನೊರೆ. ಕೆಲಸ ಅವಳದಾಯಿತು. ನನ್ನದು ಆ ತಿಂಗಳಿಗೆ ಮುಗಿಯಿತು. ಅವ್ವನಿಗೆ ನಾನು ಮಾಡಿದ್ದನ್ನು ಹೇಳಿದಾಗ ಅವಳು ಬೈಯಲಿಲ್ಲ, ಹಾನಗಲ್ಲಿಗೆ ಹೋಗಲು ಪಾತ್ರೆ ಕಟ್ಟತೊಡಗಿದಳು. ಆಮೇಲೆ ಅಲ್ಲಿಯ ಹೈಸ್ಕೂಲಿನಲ್ಲಿ ನನಗೆ ಪಾಠ ಹೇಳುವ ಕೆಲಸ ಸಿಕ್ಕಿತು, ಬದುಕು ನಡೆಯಿತು. ಆದರೆ ಅವತ್ತು ಅದು ಗೊತ್ತಿರಲಿಲ್ಲ.

ಕೊನೆಯ ದಿನ ಶಿರಸಿಯ ಆಫೀಸಿನಲ್ಲಿ ತಕ್ಕಡಿ, ತೂಕದ ಕಲ್ಲು, ಗವಸು, ಕನ್ನಡಕ ಎಲ್ಲವನ್ನೂ ಅವಳಿಗೆ ಒಪ್ಪಿಸಿದೆ. ಸಿದ್ದಾಪುರದಲ್ಲಿ ಕೋಣೆ ಸಿಕ್ಕಿತ್ತು. ಮಗಳಿಗೆ ಶಾಲೆಯ ಚೀಲ ತಂದಾಗಿತ್ತು. ಅವಳು ಒಂದೊಂದನ್ನೇ ನೋಡಿ ಚೀಲಕ್ಕೆ ತುಂಬುತ್ತಿದ್ದಳು. ತಡೆಯಲಾರದೆ ಕೇಳಿದೆ, "ಅವತ್ತ್ಯಾಕ ನಿನ್ನ ಮ್ಯಾಲ ಹಾಕ್ಕೊಂಡಿ? ನಾನ ಹೇಳಿದ್ದು ಅಂದಿದ್ರ ಮುಗೀತಿತ್ತು."

ಅವಳು ತಲೆ ಎತ್ತದೆ ಹೇಳಿದಳು, "ಬಾಗ್ಲು ತೆಗೆದಾಗ ನಿಮ್ಮ ಮುಖ ನೋಡಿದ್ದೆ ಅಕ್ಕೋರೆ. ನಿಮ್ಗೆ ಖುಷಿ ಆತು."

ನನ್ನ ಕೈಯಲ್ಲಿ ಉಳಿದಿದ್ದ ಗವಸನ್ನು ಅವಳೇ ತೆಗೆದುಕೊಂಡು ಚೀಲಕ್ಕೆ ಹಾಕಿದಳು.

"ಬೇಜಾರು ಮಾಡ್ಕಳಡಿ. ಯಂಗೆ ಸಿಟ್ಟು ಬಂದಿದ್ದಿಲ್ಲೆ. ಇಷ್ಟು ಒಳ್ಳೆಯವ್ಕೇ ಖುಷಿ ಆತು ಅಂದ್ರೆ, ಇವ್ಕೆ ಯನ್ನಕಿಂತ ಜಾಸ್ತಿ ಕಷ್ಟ ಇದ್ದು ಅಂತ ಗೊತ್ತಾತು. ಯಂಗೆ ಅಣ್ಣನ ಮನೆಯಾದ್ರೂ ಇತ್ತು. ನಿಮ್ಗೆ ಯಾರಿದ್ದ?"

ಇಷ್ಟು ಹೇಳಿ ಅವಳು ಕನ್ನಡಕದ ಗಾಜನ್ನು ಸೆರಗಿನಿಂದ ಒರೆಸಿ, ಚೀಲದೊಳಗೆ ಇಟ್ಟು, ಸಿದ್ದಾಪುರದ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದಳು. ದಿನಾ ಓಡಾಡಿದ ದಾರಿ ಅದು. ಚೀಲ ನಾನೇ ಎತ್ತಿಕೊಂಡು ಅವಳ ಜೊತೆ ಬಸ್ ನಿಲ್ದಾಣಕ್ಕೆ ನಡೆದೆ.